ಕಿಟಕಿಯ ಹುಡುಗಿಗೆ ಎರಡು ಬಿಸ್ಕೆಟ್

ಎಂಟು ವರ್ಷದ ಮಗಳಿಗೆ ಒಬ್ಬಳೇ ಮಲಗಲು ಹೆದರಿಕೆ. ನಮ್ಮಿಬ್ಬರ ನಡುವೆ ತೂರಿಕೊಂಡು ರಾತ್ರಿಯಿಡೀ ನನ್ನ ಪಕ್ಕೆಗೆ ಒದೆಯುತ್ತಿದ್ದಳು. ಕಡಲಾಚೆ ನಾವು ನೆಲೆಸಿರುವ ಕ್ಲೆಮೆಂಟಿಯ ಫ್ಲ್ಯಾಟಿನಲ್ಲಿ ಅವಳಿಗೆಂದೇ ಒಂದು ರೂಮು, ಹೊಸ ಮಂಚ, ನಕ್ಷತ್ರದ ಪರದೆ ಎಲ್ಲ ಮಾಡಿಟ್ಟಿದ್ದೆ. ಅಲ್ಲಿ ಮಲಗುತ್ತಿದ್ದದ್ದು ಇಸ್ತ್ರಿ ಮಾಡದ ಬಟ್ಟೆಯ ರಾಶಿ ಮಾತ್ರ. ಜೂನ್ ರಜೆ ಮುಗಿಯುವುದರೊಳಗೆ ಅವಳನ್ನು ಆ ರೂಮಿಗೆ ಸಾಗಹಾಕಲೇಬೇಕೆಂದು ಹಟ ತೊಟ್ಟಿದ್ದೆ. ಅಂಥ ಹೊತ್ತಿನಲ್ಲಿ, ಟುವಾಸ್‌ನ ಫ್ಯಾಕ್ಟರಿಯಲ್ಲಿ ಯಂತ್ರಗಳ ಜೊತೆ ದಿನ ಕಳೆಯುವ ನನ್ನ ಗಂಡ ರಜೆಗೆ ಬುಕ್ ಮಾಡಿದ್ದು ಯಾವ ಊರು? ಇಂಗ್ಲೆಂಡಿನಲ್ಲಿ ದೆವ್ವಗಳಿಗೇ ಹೆಸರಾದ ಯಾರ್ಕ್.

“ಹಿಸ್ಟರಿ ಇರೋ ಊರು, ಮಗೂಗೂ ಒಳ್ಳೇದಲ್ವಾ?” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಉಡುಪಿಯಿಂದ ಬಂದು ನಮ್ಮ ಜೊತೆಗಿರುವ ಅತ್ತೆಯೂ ಹೊರಟರು, ಚೀಲದ ತುಂಬ ಅವಲಕ್ಕಿ, ಬಿಸ್ಕೆಟ್ ತುಂಬಿಕೊಂಡು.

ಯಾರ್ಕ್‌ನಲ್ಲಿ ದೆವ್ವಗಳ ಜಾಗ ತೋರಿಸುವ ನಡಿಗೆ ಸಂಜೆ ಏಳೂವರೆಗೆ. ಬೇಸಿಗೆಯಾದ್ದರಿಂದ ಆ ಹೊತ್ತಿಗೂ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕರಿ ಕೋಟು, ಉದ್ದ ಟೋಪಿಯ ಗೈಡ್ ಬೆವರು ಒರೆಸಿಕೊಳ್ಳುತ್ತಾ ನಮ್ಮನ್ನು ಗಲ್ಲಿ ಗಲ್ಲಿ ಸುತ್ತಿಸಿದ. ತಲೆಯಿಲ್ಲದ ಸರದಾರನ ಕತೆಗೆ ಮಗಳು ಕಿಸಕ್ಕನೆ ನಕ್ಕಾಗ, ಹೋಗಲಿ, ಗಂಡನಿಗೆ ಮಾಫಿ ಎಂದುಕೊಂಡೆ.

ಆಮೇಲೆ ಒಂದು ಹಳೆಯ ಮನೆಯ ಮುಂದೆ ಗೈಡ್ ದನಿ ತಗ್ಗಿಸಿದ. ಪ್ಲೇಗಿನ ಕಾಲದಲ್ಲಿ ಈ ಮನೆಯವರು ಮಗಳಿಗೆ ರೋಗ ತಗಲಿತೆಂದು ಅವಳನ್ನು ರೂಮಿನಲ್ಲಿ ಕೂಡಿಹಾಕಿ ಊರು ಬಿಟ್ಟರಂತೆ. ಹುಡುಗಿ ಹಸಿವಿನಿಂದ ಸತ್ತಳಂತೆ. ಈಗಲೂ ಮೇಲಿನ ಕಿಟಕಿಯಲ್ಲಿ ನಿಂತು ನೋಡುತ್ತಾಳಂತೆ. ಒಂಟಿ ರೂಮು, ಒಂಟಿ ಹುಡುಗಿ! ಮಗಳ ಉಗುರು ನನ್ನ ಅಂಗೈಗೆ ನಾಟಿತು. ನನ್ನ ನಕ್ಷತ್ರದ ಪರದೆಗೆ ಅಲ್ಲೇ ಎಳ್ಳುನೀರು ಬಿಟ್ಟೆ.

ಗೈಡ್ ಹೇಳಿದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರ ಮುಖ ಸಣ್ಣದಾಯಿತು. “ಅಯ್ಯೋ, ಅಷ್ಟು ವರ್ಷದಿಂದ ಆ ಮಗುವಿಗೆ ಯಾರೂ ಒಂದು ಎಲೆ ಹಾಕಿ ಬಡಿಸ್ಲಿಲ್ವಾ? ಎಂಥ ಜನ ಮಾರಾಯ್ತಿ ಇವರು!”

ಅತ್ತೆ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆಲ್ಲ ಎಲೆ ಹಾಕಿ ಬಡಿಸುವವರು. ನಮ್ಮ ಬ್ಲಾಕಿನ ಚೀನೀ ಆಂಟಿಯರೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಸತ್ತವರಿಗೆಂದು ಕೆಳಗೆ ಹುಲ್ಲಿನಂಚಿನಲ್ಲಿ ಕಿತ್ತಳೆ, ಬಿಸ್ಕೆಟ್ ಇಡುತ್ತಾರೆ. ಮಗಳು ಇದನ್ನು ಪ್ರತಿವರ್ಷ ನೋಡಿದವಳು. ಅಜ್ಜಿಯ ಮಾತು ಅವಳಿಗೆ ಥಟ್ಟನೆ ಅರ್ಥವಾಯಿತು. ನನ್ನ ಕೈ ಬಿಟ್ಟು ಗೈಡ್ ಮುಂದೆ ಹೋಗಿ ನಿಂತು, ಮಾತಿಗೆಲ್ಲ ‘ಆಹ್’, ‘ಲಾ’ ಸೇರಿಸುವ ನಮ್ಮ ಬ್ಲಾಕಿನ ಇಂಗ್ಲಿಷಿನಲ್ಲಿ ಕೇಳಿದಳು.

“ಅಂಕಲ್, ಹೂ ಗಿವ್ ಹರ್ ಫುಡ್ ಆಹ್?”

ಅವನು ಟೋಪಿ ತೆಗೆದ. ಇದುವರೆಗೆ ಯಾರೂ ಹೀಗೆ ಕೇಳಿಲ್ಲ ಎಂದ. ಅಷ್ಟರಲ್ಲಿ ಅತ್ತೆ ಚೀಲದಿಂದ ಎರಡು ಬಿಸ್ಕೆಟ್ ತೆಗೆದು ಮೊಮ್ಮಗಳಿಗೆ ಕೊಟ್ಟಾಗಿತ್ತು. ಅವಳು ಅವನ್ನು ಟಿಶ್ಯೂ ಪೇಪರಿನ ಮೇಲೆ ಜೋಡಿಸಿ ಗೋಡೆಯ ಬುಡದಲ್ಲಿಟ್ಟು ಕಿಟಕಿಗೆ ಕೈ ಬೀಸಿದಳು.

“ಪಾಪ, ಅವ್ಳಿಗೆ ಹಸಿವು ಅಷ್ಟೇ ಲಾ,” ಎಂದಳು.

ಕ್ಲೆಮೆಂಟಿಗೆ ಮರಳಿದ ದಿನವೇ ತಲೆದಿಂಬು ಎತ್ತಿಕೊಂಡು ತನ್ನ ರೂಮಿಗೆ ಶಿಫ್ಟ್ ಆದಳು, ಕಿಟಕಿಯ ಹತ್ತಿರ ತಟ್ಟೆಯಲ್ಲಿ ಎರಡು ಬಿಸ್ಕೆಟ್ ಇಟ್ಟುಕೊಂಡು. ನಾನು ಗೆದ್ದಿದ್ದೆ. ಆದರೆ ಪಕ್ಕೆಗೆ ಒದೆಯಿಲ್ಲದೆ ನಿದ್ದೆ ಹತ್ತಿರವೂ ಸುಳಿಯಲಿಲ್ಲ. ಇಷ್ಟು ಬೇಗ ಹೊರಟುಬಿಡುತ್ತಾಳೆ ಎಂದುಕೊಂಡಿರಲಿಲ್ಲ. ಅಳು ಬಂತು.

ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದ ನನ್ನ ಊದಿದ ಕಣ್ಣನ್ನು ಅವಳು ಕತ್ತೆತ್ತಿ ನೋಡಿದಳು. “ಅಮ್ಮ, ನಾನಿಲ್ದೆ ಹೆದ್ರಿಕೊಂಡ್ಯಾ?” ಎಂದು ಕೇಳಿ, ಕಿಟಕಿಯ ಬಳಿಯ ತಟ್ಟೆಯಿಂದ ಒಂದು ಬಿಸ್ಕೆಟ್ ತಂದು ನನ್ನ ಕೈಗಿಟ್ಟಳು.