ಟೀಚರ್ ಕಳಿಸಿದ ಲಿಂಕು

ಹಗರಿಬೊಮ್ಮನಹಳ್ಳಿಯ ಸಣ್ಣದೊಂದು ಸಾಲ್ಯಾಗ ನಾ ಕನ್ನಡ ಕಲಸ್ತೀನಿ. ಕಾಪಿ ಹೊಡದ ಹುಡುಗರಿಗೆ ನನ್ನಷ್ಟು ಬೈಯೋರು ಅಲ್ಲಿ ಯಾರೂ ಇಲ್ಲ. ಹೇಳೋದು ಪುರಾಣ, ತಿನ್ನೋದು ಬದನಿಕಾಯಿ ಅಂತಾರಲ್ಲ, ನನ್ನ ಕಥಿ ಅದು.

ವಾರ್ಷಿಕೋತ್ಸವದ ಆಮಂತ್ರಣ ಪ್ರತಿ ವರ್ಷ ನಾನೇ ಫೋನಿನ್ಯಾಗ ಒಂದು ಡಿಸೈನ್ ಆ್ಯಪ್‌ನ್ಯಾಗ ಮಾಡ್ತೀನಿ. ಆ್ಯಪ್ ಪುಕ್ಕಟೆ, ಆದ್ರ ಚಂದ ಇರೋ ಚಿತ್ರಕ್ಕೆಲ್ಲ ರೊಕ್ಕ ಕಟ್ಟಬೇಕು. ಇಲ್ಲಾಂದ್ರ ಮ್ಯಾಲೆ ಅಡ್ಡಡ್ಡ ಗೆರಿ ಬರ್ತಾವ. ನನಗ ನವಿಲಿನ ಅಂಚು ಬೇಕಿತ್ತು, ರೊಕ್ಕ ಕೊಡಾಕ ಮನಸಿಲ್ಲ. ಹುಡುಕಿದ್ರ, ಪ್ರೀಮಿಯಂ ಅಕೌಂಟ್ ಪುಕ್ಕಟೆ ಮಾಡಿಕೊಡ್ತೀವಿ ಅನ್ನೋ ಪುಟ ಸಿಕ್ಕಿತು. ಒತ್ತಿದೆ. ಅಕೌಂಟ್ ತಯಾರಾಗೇತಿ, ಈ ಲಿಂಕು ಐದು ವಾಟ್ಸಾಪ್ ಗ್ರೂಪಿಗೆ ಕಳಿಸಿದ್ರ ಪಾಸ್‌ವರ್ಡ್ ಕಾಣತೈತಿ ಅಂತು. ನಾಕು ನೆಂಟರ, ಗೆಳತೇರ ಗ್ರೂಪು. ಐದನೇದಕ್ಕ ಉಳಿದದ್ದು ನನ್ನ ತರಗತಿಯ ಪಾಲಕರದು. ಕೈ ಒಂದೀಟು ತಡೀತು. ಆದ್ರೂ ಕಳಿಸಿದೆ.

ಪಾಸ್‌ವರ್ಡ್ ಎಲ್ಲಿ ಬಂತು? ಮತ್ತೊಂದು ಆ್ಯಪ್ ಹಾಕ್ಕೋ ಅಂತು. ಇದು ಮೋಸ ಅಂತ ಗೊತ್ತಾತು. ಎಲ್ಲಾ ಕಡಿ ಲಿಂಕು ಅಳಿಸಿದೆ. ಅಷ್ಟರಾಗ ಒಬ್ಬ ಹುಡುಗಿಯ ತಾಯಿ ಅದನ್ನ ಒತ್ತಿದ್ಲು. ಮನ್ಯಾಗ ಬ್ಲೌಸ್ ಹೊಲಿಯಾಕಿ ಆಕಿ, ಗಿರಾಕಿಗಳು ಕುತ್ತಿಗಿ ಡಿಸೈನ್ ಕಳಸೋದೆಲ್ಲ ಫೋನಿಗೇ. ಟೀಚರ್ ಕಳಿಸ್ಯಾರ ಅಂದಮ್ಯಾಲೆ ಸಾಲೀದ್ದೇ ಇರಬೇಕು ಅಂತ ಆ್ಯಪೂ ಹಾಕ್ಕೊಂಡಾಳ, ಓಟಿಪಿನೂ ಕೊಟ್ಟಾಳ. ಮರುದಿನ ಆಕಿ ನಂಬರಿನಿಂದ ಹೊಲಸು ಚಿತ್ರಗಳು ಭಾವ, ಮೈದುನ, ಗಿರಾಕಿ ಎಲ್ಲರಿಗೂ ಹೋದ್ವು.

ಲಿಂಕು ಅಳಿಸಿದ ದಿನಾನೇ ಪಾಲಕರ ಗ್ರೂಪಿನ್ಯಾಗ ಯಾರೋ ಕೇಳಿದ್ರು, "ಟೀಚರ್, ಏನೋ ಕಳಿಸಿ ಅಳಿಸಿದ್ರಲ್ರಿ?" "ರಜಾದ ನೋಟೀಸ್ರಿ, ತಾರೀಕು ತಪ್ಪಿತ್ತು" ಅಂತ ಬರದೆ. ಥೂ, ಆ ಸುಳ್ಳು ಎಷ್ಟು ಸಲೀಸಾಗಿ ಬಂತು.

ವಾರ ಬಿಟ್ಟು ಆಕಿ ಸಾಲಿ ಗೇಟಿನ ಹತ್ರ ನಿಂತಿದ್ಲು. ಕಣ್ಣು ಬಾತಿದ್ವು.

"ಮಾವ ಫೋನ್ ಕಸ್ಕೊಂಡಾರ್ರಿ. ಟೀಚರ್ ಲಿಂಕು ಕಳಿಸಿದ್ರು ಅಂದ್ರ, ನಿಮ್ಮ ರಜಾದ ಮಾತು ತೋರಿಸಿ ಸುಳ್ಳಿ ಅಂತಾರ. ಯಾವನಿಗೆ ಫೋಟೊ ಕಳಸಾಕ ಹೋಗಿದ್ದಿ ಅಂತ ಕೇಳ್ತಾರ. ಬಂದು ಒಂದು ಮಾತು ಹೇಳ್ರಿ, ಟೀಚರ್."

ನನ್ನನ್ನ ಬೈಯಲೇ ಇಲ್ಲ ಆಕಿ. ಬೈದಿದ್ರ ಚಲೋ ಇತ್ತು.

ಸಂಜಿಗೆ ಆಕಿ ಮನಿಗೆ ಹೋದೆ. ಅತ್ತಿ ಕುರ್ಚಿ ಒರಸಿ ಹಾಕಿದ್ಲು, ಆಕಿ ಚಾ ತಂದ್ಲು. ನವಿಲಿನ ಅಂಚಿನಿಂದ ಹಿಡದು ಎಲ್ಲಾ ಹೇಳಿದೆ. ಲಿಂಕು ಕಳಿಸಿದಾಕಿ ನಾನೇ, ರಜಾದ ಮಾತು ಸುಳ್ಳು, ನಿಮ್ಮ ಸೊಸಿದು ಏನೂ ತಪ್ಪಿಲ್ಲ ಅಂದೆ. ನಾಚಿಕಿಗೆ ನಾಲಿಗಿ ತೊದಲಾಕ ಹತ್ತಿತ್ತು.

ಮಾವ ಸಮಾಧಾನದಿಂದ ಕೇಳಿಸಿಕೊಂಡ್ರು. "ಹಂಗಾದ್ರ ಆ ಲಿಂಕು ತೋರಿಸ್ರಿ" ಅಂದ್ರು. ನನ್ನ ಫೋನಿನ್ಯಾಗ ಅದು ಎಲ್ಲೈತಿ? ಎಲ್ಲಾ ನಾನೇ ಅಳಿಸಿದ್ದೆ.

"ಬಿಡ್ರಿ ಟೀಚರ್. ಹೆಣ್ಣುಮಗಳ ಮರ್ಯಾದಿ ಉಳಸಾಕ ನಿಮ್ಮ ಮ್ಯಾಲೆ ಹಾಕ್ಕೊಳ್ಳಾಕ ಹತ್ತೀರಿ. ನಿಮ್ಮದು ದೊಡ್ಡ ಮನಸು" ಅಂದು ನನಗ ಕೈ ಮುಗದ್ರು.

ಆಮ್ಯಾಲೆ ಸೊಸಿ ಕಡಿ ತಿರುಗಿದ್ರು. "ನೋಡು, ಇಂಥಾರ ಬಾಯಾಗೂ ಸುಳ್ಳು ಹೇಳಿಸಿದಿ."