ನಿನ್ನ ಚಿತ್ರ ಒತ್ತಿ ನಾನು ನೋಡಿದ್ದು

ರೂಪಾ, ಆ ದೈತ್ಯಪ್ರಾಣಿಯ ಸರಣಿಯನ್ನು ನೋಡಿದವಳು ನೀನಲ್ಲ, ನಾನು. ನಿನ್ನ ಹೆಸರಿನಲ್ಲಿ ನೋಡಿದೆ. ಅಪವಾದ ನಿನ್ನ ತಲೆಗೆ ಬಂದಾಗ ಬಾಯಿ ಬಿಡಲಿಲ್ಲ — ಅಲ್ಲ, ಅದೂ ಸುಳ್ಳು. ಬಾಯಿ ಬಿಟ್ಟೆ. ಬಿಟ್ಟು ಏನಂದೆ ಎನ್ನುವುದೇ ನನ್ನನ್ನು ಸುಡುತ್ತಿರುವುದು.

ನೀನು ಸೊಸೆಯಾಗಿ ಬಂದ ಹೊಸದರಲ್ಲಿ ನಿನ್ನ ಸಂಬಳದಿಂದ ಟಿವಿಗೆ ಓಟಿಟಿ ಹಾಕಿಸಿದೆ. ಅದನ್ನು ತೆರೆದ ಕೂಡಲೇ ಎರಡು ಪುಟ್ಟ ಚಿತ್ರಗಳು, ಒಂದರ ಕೆಳಗೆ ನಿನ್ನ ಹೆಸರು, ಇನ್ನೊಂದರ ಕೆಳಗೆ ನನ್ನದು. "ಇದು ನಿಮ್ಮದು ಅತ್ತೆ. ಇದನ್ನ ಒತ್ತಿದ್ರೆ ನೀವು ನೋಡೋದಷ್ಟೇ ಬರುತ್ತೆ" ಎಂದು ನನ್ನ ಬೆರಳು ಹಿಡಿದು ಕಲಿಸಿದೆ. ನನ್ನದರಲ್ಲಿ ಬರೀ ಪುರಾಣದ ಕಥೆಗಳು, ಭಜನೆಗಳು. ಶುಕ್ರವಾರ ಭಜನೆಗೆ ಬರುವ ಹೆಂಗಸರು ಅದನ್ನು ನೋಡಿ ಮೆಚ್ಚಿಕೊಳ್ಳುತ್ತಿದ್ದರು. ನಾನು ಉಬ್ಬುತ್ತಿದ್ದೆ.

ಒಂದು ಮಧ್ಯಾಹ್ನ ನೀನು ಇಂದಿರಾನಗರದ ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗಿದ್ದಾಗ ಕೈತಪ್ಪಿ ನಿನ್ನ ಚಿತ್ರ ಒತ್ತಿದೆ. ತೆರೆಯ ಮೇಲೆ ಕಡಲು ಕುದಿಯುತ್ತಿತ್ತು. ಅದರೊಳಗಿಂದ ಒಂದು ಪ್ರಾಣಿ ಎದ್ದು ಬಂತು, ಬಹುಮಹಡಿ ಕಟ್ಟಡಗಳು ಅದರ ಮೊಣಕಾಲಿಗೂ ಬರುತ್ತಿರಲಿಲ್ಲ. ವಿಜ್ಞಾನಿಗಳು ಕಡಲ ತಳದಲ್ಲಿ ಏನೋ ಸಿಡಿಸಿ ಅದನ್ನು ಎಬ್ಬಿಸಿಬಿಟ್ಟಿದ್ದರಂತೆ. ಎಲ್ಲರೂ ಅದು ಊರನ್ನು ನುಂಗಲು ಬಂತೆಂದು ಓಡುತ್ತಿದ್ದರೆ, ಅದು ಕಳೆದುಹೋದ ತನ್ನ ಮರಿಯನ್ನು ಹುಡುಕುತ್ತಿತ್ತು. ಅವರೆಕಾಯಿ ಸುಲಿಯುತ್ತ ಕೂತವಳು ಸುಲಿಯುವುದನ್ನೇ ಮರೆತೆ, ರೂಪಾ. ಅತ್ತುಬಿಟ್ಟೆ.

ಮೊದಲ ದಿನ ಕೈತಪ್ಪು. ಆಮೇಲೆ ಬೇಕೆಂದೇ. ನನ್ನ ಹೆಸರಿನ ಕೆಳಗೆ ಕೋರೆಹಲ್ಲಿನ ಪ್ರಾಣಿ ಕಾಣಿಸಿದರೆ ಭಜನೆಯವರು ಏನೆಂದಾರು — ಅದಕ್ಕೇ ನಿನ್ನ ಚಿತ್ರ. ನೀನು ಬಸುರಿಯಾದ ಮೇಲೂ ನಿಲ್ಲಿಸಲಿಲ್ಲ. ಬಸುರಿಯ ಕಣ್ಣಿಗೆ ಬಿದ್ದದ್ದು ಮಗುವಿಗೆ ಇಳಿಯುತ್ತದೆಂದು ನಂಬಿದ ಮನೆ ನಮ್ಮದು. ನಿನ್ನ ಮಂಚದ ಎದುರಿಗೆ ಬಾಲಕೃಷ್ಣನ ಪಟ ಅಂಟಿಸಿದವಳೂ ನಾನೇ.

ಮೂರು ತಿಂಗಳಿಗೇ ಗರ್ಭ ಹೋಯಿತು. ಅದು ಬೆಳೆದೇ ಇರಲಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ನೀನು ಆಸ್ಪತ್ರೆಯಿಂದ ಬಂದ ಮೇಲೆ ಹೊರಮಾವಿನಿಂದ ನನ್ನಕ್ಕ ನೋಡಲು ಬಂದಳು. ಮನಸ್ಸಿಗೆ ಸಮಾಧಾನವಾಗಲಿ, ದೇವರ ಹಾಡು ಹಾಕ್ತೀನಿ ಎಂದು ರಿಮೋಟು ತೆಗೆದುಕೊಂಡವಳು ನಿನ್ನ ಚಿತ್ರ ಒತ್ತಿದಳು. ಅರ್ಧಕ್ಕೆ ಬಿಟ್ಟದ್ದನ್ನು ಮುಂದುವರಿಸಿ ನೋಡಿ ಎಂದು ತೆರೆಯ ತುಂಬ ಅದೇ ಪ್ರಾಣಿ.

"ಇದೇನೇ ಇದು, ಹಲ್ಲಿನೋ ಬೆಟ್ಟಾನೋ? ಬಸುರಿ ಹೆಂಗಸು ನೋಡೋದಾ ಇದನ್ನ? ಇನ್ನೆಲ್ಲಿ ಮಗು ನಿಲ್ಲುತ್ತೆ!"

"ನಾನು ನೋಡಿಲ್ಲ ದೊಡ್ಡತ್ತೆ."

"ನೀನಲ್ದೆ ಇನ್ಯಾರು, ನಿಮ್ಮತ್ತೆ ನೋಡಿದ್ಲಾ?" ಎಂದು ಅಕ್ಕ ನಕ್ಕೇಬಿಟ್ಟಳು.

ನೀನು ನನ್ನ ಕಡೆ ತಿರುಗಿದೆ. ಅನುಮಾನದಿಂದಲ್ಲ — ಅತ್ತೆ ನನ್ನ ಪರ ಮಾತಾಡುತ್ತಾರೆ ಎಂದು. ನಾನು ನಿನ್ನ ತಲೆ ಸವರಿ ಅಂದೆ: "ಹೋಗ್ಲಿ ಬಿಡಮ್ಮ, ಇನ್ಮೇಲೆ ನೋಡ್ಬೇಡ."

"ಇಂಥ ಅತ್ತೆ ಸಿಗೋಕೆ ಪುಣ್ಯ ಮಾಡಿರ್ಬೇಕು ಕಣೇ" ಎಂದಳು ಅಕ್ಕ. ನನ್ನ ಮಗ ತಲೆ ತಗ್ಗಿಸಿ ಕೂತಿದ್ದ. ನನ್ನ ಮಾತನ್ನು ನಂಬಿದ್ದ.

ದಿನವೂ ದೀಪ ಹಚ್ಚುವಾಗ ಆವತ್ತಿನ ಸಣ್ಣ ಸಣ್ಣ ಕೃಪೆಗಳನ್ನು ದೇವರ ಮುಂದೆ ಎಣಿಸುವುದು ನನ್ನ ರೂಢಿ. ನೀರು ಬಂತು, ಹಾಲು ಒಡೆಯಲಿಲ್ಲ, ಬಸ್ಸಿನಲ್ಲಿ ಸೀಟು ಸಿಕ್ಕಿತು — ಹೀಗೆ. ಆ ಸಂಜೆ ಏನು ಎಣಿಸಿದೆ ಗೊತ್ತೇ? ಯಾರಿಗೂ ಗೊತ್ತಾಗಲಿಲ್ಲ, ನಿನ್ನ ದಯೆ ದೇವರೇ, ಎಂದೆ. ನೀನು ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

ಕೆಲವು ವಾರಗಳ ಮೇಲೆ ನೀನೇ ಬಂದು ಕೇಳಿದೆ: "ಅತ್ತೆ, ಸುಸ್ತಾಗಿ ಸೋಫಾ ಮೇಲೆ ಮಲಗ್ತಿದ್ನಲ್ಲ... ನಿದ್ದೆಗಣ್ಣಲ್ಲಿ ನಾನೇ ಹಾಕ್ಕೊಂಡು ನೋಡಿರ್ಬಹುದಾ?" ನೋಡದಿದ್ದನ್ನು ನೋಡಿದೆನೆಂದು ನೀನೇ ನಂಬತೊಡಗಿದ್ದೆ. ಆಗಲೂ ನಾನು ಅಂದದ್ದು, "ಯಾರಿಗ್ಗೊತ್ತಮ್ಮ."

ನನಗೆ ಗೊತ್ತಿತ್ತು.

ವರ್ಷಗಳು ಕಳೆದು ಈಗ ಮತ್ತೆ ನಿನಗೆ ದಿನ ತುಂಬುತ್ತಿದೆ. ಟಿವಿಗೆ ಬಟ್ಟೆ ಹೊದಿಸಿದ್ದೀಯ. ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸಿನಿಮಾ ಪೋಸ್ಟರು ಕಂಡರೆ ನನ್ನ ತೋಳು ಹಿಡಿದು ಕಣ್ಣು ಮುಚ್ಚುತ್ತೀಯ. ಫೋನಿಗೆ ಯಾರಾದರೂ ವಿಡಿಯೋ ಕಳಿಸಿದರೆ, "ಅತ್ತೆ, ನೀವು ಮೊದ್ಲು ನೋಡಿ ಹೇಳಿ, ಹೆದರಿಸೋದೇನಾದ್ರೂ ಇದ್ಯಾ" ಎಂದು ನನ್ನ ಕೈಗೆ ಕೊಡುತ್ತೀಯ. ನನ್ನ ಕೈಗೆ! ಆ ಮಗುವನ್ನು ನೀನೇ ಕಳೆದುಕೊಂಡೆ ಎಂಬ ನಂಬಿಕೆಯನ್ನು ನಿನ್ನೊಳಗೆ ಇಟ್ಟವಳು ನಾನು. ಅದು ಪ್ರಾಣಿಯ ತಪ್ಪಲ್ಲ, ನಿನ್ನದಂತೂ ಅಲ್ಲವೇ ಅಲ್ಲ. ಡಾಕ್ಟರಮ್ಮ ಹೇಳಿದ್ದೇ ಸತ್ಯ. ಅಷ್ಟನ್ನು ನಾನು ಆವತ್ತೇ ಹೇಳಬಹುದಿತ್ತು.

ಭಾನುವಾರ ಅಕ್ಕ ನಿನಗೆ ಹೂ ಮುಡಿಸಲು ಬರುತ್ತಾಳೆ. ಭಜನೆಯ ಹೆಂಗಸರನ್ನೂ ಕರೆದಿದ್ದೇನೆ. ಈ ಕಾಗದವನ್ನು ನಿನಗೆ ಇವತ್ತೇ ಕೊಡುತ್ತೇನೆ, ನೀನು ಎಲ್ಲರಿಗಿಂತ ಮೊದಲು ತಿಳಿಯಬೇಕು. ಆಮೇಲೆ ಅವರೆಲ್ಲರ ಎದುರು ಬಾಯಿಬಿಟ್ಟು ಹೇಳುತ್ತೇನೆ. ಹೇಳುವಾಗ ನೀನು ನನ್ನ ಪಕ್ಕ ಕೂರಬೇಕಾಗಿಲ್ಲ. ನನ್ನನ್ನು ಸಮಾಧಾನ ಮಾಡಲೂಬೇಡ.