ವಾಟ ತಪ್ಪಿದ ತಾರಸಿ

ಅಂಬತ್ತೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಅಳತೆ ತಪ್ಪಿದ ಬಿಡಿಭಾಗಗಳನ್ನು ಹಿಡಿದು ಬದಿಗಿಡುವುದು. ನಿವೃತ್ತನಾದರೂ ಚಾಳಿ ಬಿಡಲಿಲ್ಲ. ಒಂದು ಬೆಳಿಗ್ಗೆ ತಿರುವಲ್ಲಿಕ್ಕೇಣಿಯ ನಮ್ಮ ಹಳೆಯ ಮನೆಯ ತಾರಸಿಯ ಮೇಲೆ ರಸಮಟ್ಟ ಇಟ್ಟು ನೋಡಿದೆ. ಅದರೊಳಗಿನ ಗುಳ್ಳೆ ನಡುವೆ ನಿಲ್ಲದೆ ಪಕ್ಕಕ್ಕೆ ಓಡಿತು. ಅಜ್ಜ ಕಟ್ಟಿಸಿದ್ದರಲ್ಲಿ ತಪ್ಪು ಸಿಕ್ಕಿತಲ್ಲ ಎಂದು ನನಗಾದ ಸಂತೋಷವನ್ನು ನಿಮ್ಮೆದುರು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಆ ತಾರಸಿಯ ಹೊಟ್ಟೆಯಲ್ಲಿ ಏನಿದೆಯೆಂದು ಬಲ್ಲವಳು ನನ್ನ ಸೋದರತ್ತೆ ರುಕ್ಕತ್ತೆ. ಅದರ ಕೆಳಗಿನ ಮಹಡಿ ಕೋಣೆಯೇ ಅವಳದು. ಚಿಕ್ಕಂದಿನಲ್ಲಿ ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಚಾವಣಿ ತೋರಿಸಿ ಹೇಳಿಕೊಡುತ್ತಿದ್ದಳು. ಗೋಡೆಯಿಂದ ಗೋಡೆಗೆ ಚಾಚಿದ ದಪ್ಪ ಮರ ತೊಲೆ. ಅದರ ಮೇಲೆ ಅಡ್ಡಡ್ಡ ಸಾಲಾಗಿ ಜಂತೆ. ಜಂತೆಯ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಆಮೇಲೆ ಸುಣ್ಣದ ಗಾರೆ, ಎಲ್ಲಕ್ಕೂ ಮೇಲೆ ಚಪ್ಪಟೆ ಹೆಂಚು. ಇಷ್ಟನ್ನೂ ಕಾಯುವುದು ಕಣ್ಣಿಗೆ ಕಾಣದ ಒಂದು ಇಳಿಜಾರು, ಅದೇ ವಾಟ. ತೊಲೆ ಜಂತೆಗಳು ನನಗೆ ಬಾಯಿಪಾಠವಾಗಿದ್ದವು. ಪಾಠ ವಾಟಕ್ಕೆ ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಿದ್ದೆನೇನೋ.

ಪ್ರತಿ ವರ್ಷ ದೀಪಾವಳಿ ಮಳೆಗೆ ಮೊದಲು ಅತ್ತೆ ತಾರಸಿಯ ಒಂದು ಮೂಲೆಯಲ್ಲಿ ಕೊಡ ನೀರು ಸುರಿದು, ಅದು ಎದುರು ಮೂಲೆಯ ಕೊಳವೆ ಸೇರುವವರೆಗೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು. ಲಾರಿ ನೀರಿಗೆ ಕಾಯುವ ಊರಿನಲ್ಲಿ ಇದೆಂಥ ಶೋಕಿ ಎಂದು ನಾನು ರೇಗಿಸುತ್ತಿದ್ದೆ.

ರಸಮಟ್ಟದ ತೀರ್ಪು ಬಂದ ವಾರವೇ ಮೇಸ್ತ್ರಿಯನ್ನು ಕರೆಸಿದೆ. ತಾರಸಿಯನ್ನು ಮಟ್ಟ ಮಾಡು ಎಂದಾಗ ಅವನು ತಲೆ ಕೆರೆದುಕೊಂಡ. ಅತ್ತೆ ಮೆಟ್ಟಿಲ ಬಳಿ ಬಂದು ನಿಂತಳು. ತಾರಸಿಗೆ ಅವಳು ತಮಿಳಿನವರಂತೆ ಮೊಟ್ಟಮಾಡಿ ಎಂದೇ ಹೇಳುವುದು.

"ಮೊಟ್ಟಮಾಡಿ ಸೊಟ್ಟಗೇ ಇರ್ಬೇಕು ಕಣೋ. ವಾಟ ಕೆಡಿಸ್ಬೇಡ."

"ಅಳತೆ ವಿಷಯ ನಂಗೆ ಬಿಡು ಅತ್ತೆ," ಎಂದೆ.

ಬಿಟ್ಟಳು. ಸಿಮೆಂಟು ಬಿತ್ತು, ಗುಳ್ಳೆ ನಡುವೆ ನಿಂತಿತು. ಆಮೇಲೆ ಬಂದ ಮಳೆಯ ನೀರೂ ಅಲ್ಲೇ ನಿಂತಿತು. ಮೂರನೆಯ ದಿನ ಅತ್ತೆಯ ಹಾಸಿಗೆಯ ಮೇಲೆ ತೊಟ್ಟಿಕ್ಕತೊಡಗಿತು. ಅವಳು "ನಾ ಹೇಳ್ಲಿಲ್ವಾ" ಎನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಾಗಿತ್ತು. ಹಾಸಿಗೆ ಸುತ್ತಿಟ್ಟು, ಮಳೆ ನಿಲ್ಲುವವರೆಗೆ ಎಂದು ಪೋರೂರಿನ ಮಗಳ ಫ್ಲಾಟಿಗೆ ಹೋದಳು.

ಮಳೆ ನಿಂತಿತು. ಜಂತೆಗಳು ಕೊಳೆತಿದ್ದವು. ಹಳೆಯ ಗಾರೆ ಕೆಲಸ ಬಲ್ಲವರನ್ನು ಹುಡುಕಿ, ಜಂತೆ ಬದಲಾಯಿಸಿ, ವಾಟವನ್ನು ಮರಳಿ ತರುವಷ್ಟರಲ್ಲಿ ಎರಡು ವರ್ಷ ಕಳೆಯಿತು.

ಮೊನ್ನೆ ಒಂದು ಕೊಡ ನೀರು ಸುರಿದು, ವಿಡಿಯೋ ಕಾಲ್‌ನಲ್ಲಿ ಅತ್ತೆಗೆ ತೋರಿಸಿದೆ. ನೀರು ನೆಟ್ಟಗೆ ಕೊಳವೆಗೆ ಹೋಯಿತು.

"ಪರವಾಗಿಲ್ಲ, ಕಲಿತ್ಯಲ್ಲ," ಎಂದಳು.

"ಯಾವಾಗ ಬರ್ತೀಯ ಅತ್ತೆ?"

"ಇಲ್ಲಿ ಲಿಫ್ಟ್ ಇದೆ ಕಣೋ. ಅಲ್ಲಿ ದಿನಾ ಹತ್ತಿ ಇಳೀತಿದ್ದಾಗ ಮೊಣಕಾಲು ನಡೀತಿತ್ತು. ಅಭ್ಯಾಸ ತಪ್ಪೋಯ್ತು. ಇನ್ನು ಆ ಮೆಟ್ಲು ಆಗಲ್ಲ."

ಈಗ ಮಧ್ಯಾಹ್ನ ಅವಳ ಕೋಣೆಯಲ್ಲಿ ನಾನೇ ಮಲಗುತ್ತೇನೆ. ಚಾವಣಿ ನೋಡುತ್ತ ಪಾಠ ಒಪ್ಪಿಸುತ್ತೇನೆ: ತೊಲೆ, ಜಂತೆ, ಇಟ್ಟಿಗೆ, ಗಾರೆ, ಹೆಂಚು, ವಾಟ. ಒಂದೂ ತಪ್ಪುವುದಿಲ್ಲ. ನಿದ್ದೆ ಮಾತ್ರ ಬರುವುದಿಲ್ಲ.